ಕೊಡೆಯಗಲದ ಅಣಬೆಯ ಬುಡದಲ್ಲಿ

ಅಣಬೆ ಕೊಡೆಯಷ್ಟು ಅಗಲ ಅರಳಿತ್ತು. ಅದರ ಬೇರು ಹುತ್ತದೊಳಗೆ ಮೊಳದುದ್ದ ಇಳಿದಿರುತ್ತದೆ. ಗುದ್ದಲಿ ತಾಗಿದರೆ ಮುಂದಿನ ಮಳೆಗೆ ಅಲ್ಲಿ ಏಳುವುದಿಲ್ಲವೆಂದು ಅಮ್ಮ ಮಂಡಿಯೂರಿ ಬೆರಳಿನಿಂದಲೇ ಮಣ್ಣು ಬಿಡಿಸುತ್ತಿದ್ದಳು. ತಟ್ಟನೆ ನೆಲ ಕುಸಿಯಿತು. ಅಡಿಯಲ್ಲಿ ಗೆದ್ದಲು ತಿನ್ನುವ ಮಣ್ಣುಹಂದಿಯ ಹಳೆಯ ಬಿಲವಿತ್ತು. ಅಮ್ಮ ಎದೆಮಟ್ಟ ಇಳಿದುಹೋದಳು.

ತೋಳು ಹಿಡಿದು ಎಳೆದೆ. ಅಲುಗಲಿಲ್ಲ. ನೆನೆದ ಮಣ್ಣು ಸುತ್ತಲಿಂದ ಜಾರಿ ಬೀಳುತ್ತಲೇ ಇತ್ತು.

"ಭಾವನ್ನ ಕರೀತೀನಿ" ಅಂದೆ. ಅಕ್ಕನ ಗಂಡ ಕಪೆಂಬ್ವಾ ಅಲ್ಲೇ ಆಚೆ ಇದ್ದಿಲಿಗೆ ಮರ ಕಡಿಯುತ್ತಿದ್ದ.

"ಬಾಯ್ಮುಚ್ಚು, ಮುಸೊಂಡಾ! ಅಳಿಯ ನನ್ನ ಮುಟ್ಟೋದಾ? ಊರೋರು ನಿಮ್ಮಕ್ಕನ್ನ ಬಾಳೋಕೆ ಬಿಡ್ತಾರಾ?"

ಅಳಿಯನನ್ನು ಮನೆಯೊಳಗೆ ಕರೆಯುವ ಶಾಸ್ತ್ರ ಇನ್ನೂ ಆಗಿರಲಿಲ್ಲ. ಅಲ್ಲಿಯವರೆಗೆ ಅವನು ಅತ್ತೆಯ ಮುಖ ನೋಡಬಾರದು, ಮುಟ್ಟಬಾರದು; ಇಬ್ಬರೂ ನೇರ ಮಾತಾಡಬಾರದು.

ಆದರೂ ಕೂಗಿದೆ. ನನ್ನ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಓಡಿ ಬಂದ ಭಾವ ದೂರದಲ್ಲೇ ಬೆನ್ನು ತಿರುಗಿಸಿ ನಿಂತ. "ನಾನೇನೂ ನೋಡಿಲ್ಲ ಅಂತ ಅಮ್ಮಂಗೆ ಹೇಳು."

"ನೋಡದೇ ಇದ್ರೆ ತಿರುಗಿ ನಿಂತಿದ್ಯಾಕಂತೆ? ಕೇಳು" ಅಂದಳು ಅಮ್ಮ.

ನಾನು ಉಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ, ಒಳಲಂಗದಲ್ಲಿ ನಿಂತು, ಅಮ್ಮನ ಕಂಕುಳಡಿ ಸುತ್ತಿ ಕಟ್ಟಿದೆ. ಇನ್ನೊಂದು ತುದಿಯನ್ನು ಭಾವನ ಹೆಗಲ ಮೇಲೆ ಕೊಟ್ಟೆ. ಅವನು ಎತ್ತಿನಂತೆ ಬಾಗಿ ಎಳೆದ.

"ನಾನೇನು ಮರಗೆಣಸಾ? ಮೆತ್ತಗೆ ಎಳಿ ಅನ್ನು ಅವನಿಗೆ!"

ಪರ್ರೆಂದು ಬಟ್ಟೆ ಹರಿಯಿತು. ಭಾವ ಮುಗ್ಗರಿಸಿ ಬಿದ್ದ. ಅಂಚಿನ ಮಣ್ಣು ದೊಪ್ಪನೆ ಕುಸಿದು ಅಮ್ಮನ ಕುತ್ತಿಗೆಯವರೆಗೆ ಬಂತು. ಒಂದು ಕೈ ಮಾತ್ರ ಮೇಲಿತ್ತು.

"ಭಾವಾ, ಕೈ ಹಿಡ್ಕೊಂಡು ಎಳಿ!"

"ಅವರು ಹೇಳ್ಲಿ" ಅಂದ. "ನಾನಾಗಿ ಮುಟ್ಟಿದ್ರೆ ನಿಮ್ಮಕ್ಕ ನಂಗೆ ಉಳಿಯಲ್ಲ."

ಅಮ್ಮ ನನ್ನನ್ನೇ ನೋಡಿದಳು. ಉಸಿರು ತುಂಡುತುಂಡಾಗಿ ಬರುತ್ತಿತ್ತು. ಆಮೇಲೆ ನನ್ನನ್ನು ಬಿಟ್ಟು, ನೇರ ಅವನಿಗೇ ಅಂದಳು: "ಮಗಾ, ಕೈ ಕೊಡು."

ಭಾವ ಕಣ್ಣು ಮುಚ್ಚಿಕೊಂಡು ತೆವಳುತ್ತಾ ಬಂದ. ಅಮ್ಮನ ಮುಂಗೈಯನ್ನು ಅವನ ಮುಷ್ಟಿಯಲ್ಲಿಟ್ಟೆ. ಅವನು ಎಳೆದ, ನಾನು ಸುತ್ತಲ ಮಣ್ಣು ಕೆರೆದೆ, ನನ್ನ ಉಗುರು ಕಿತ್ತುಬಂತು. ಭುಜ ಬಂತು, ಸೊಂಟ ಬಂತು. ಕೊನೆಗೆ ಅಮ್ಮ ಹುಲ್ಲಿನ ಮೇಲೆ ಬಿದ್ದು ಕೆಮ್ಮಿದಳು. ಮೊಣಕಾಲ ತುಂಬ ಗೆದ್ದಲು ಕಚ್ಚಿದ ರಕ್ತ.

ಭಾವ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕೈಯನ್ನೂ ಬಿಟ್ಟಿರಲಿಲ್ಲ.

"ಅವನಿಗೆ ಹೇಳು" ಅಂದಳು ಅಮ್ಮ ನನಗೆ. "ನಾಡಿದ್ದು ಕೋಳಿ ಕುಯ್ದು ಮನೆಯೊಳಗೆ ಕರೀತೀವಿ. ಅಲ್ಲೀವರೆಗೂ ಅವನೇನೂ ನೋಡಿಲ್ಲ."

"ನಾನೇನೂ ನೋಡಿಲ್ಲ ಅಂತ ಹೇಳು" ಅಂದ ಭಾವ.