ಎಪ್ಪತ್ತೈದು ಕುದುರೆಯ ಕೆಂಪು ಸ್ಟಿಕ್ಕರ್

ನೋಡಿ ಸ್ವಾಮಿ, ಮುಳ್ಳೇರಿಯದಿಂದ ಬಂದ್ಯೋಡಿನವರೆಗೆ ಅಂಬಾಸಿಡರ್ ಇಂಜಿನಿನ ಬಗ್ಗೆ ನನ್ನಷ್ಟು ಗೊತ್ತಿರುವವ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ರೂ ಅವನಿಗೆ ಇನ್ನೂ ಲೈಸೆನ್ಸ್ ಸಿಕ್ಕಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿ, ಹೇಳ್ತೇನೆ: ಡೀಸೆಲಿಗೆ ಮೂವತ್ತೇಳು ಕುದುರೆಶಕ್ತಿ, ಪೆಟ್ರೋಲಿಗೆ ಐವತ್ತೈದು, ಆಮೇಲೆ ಬಂದ ಜಪಾನಿನ ಒಂದು ಪಾಯಿಂಟ್ ಎಂಟು ಲೀಟರ್ ಇಂಜಿನಿಗೆ ಎಪ್ಪತ್ತೈದು. ಹೆಸರು ಯತಿನ್. ಗಾಡಿ ಚಿಕ್ಕದು, ಹಾರ್ನ್ ದೊಡ್ಡದು. ಆದ್ರೆ ಈ ಪಿಕ್ಚರಿಗೆ ಹೀರೋ ನಾನಲ್ಲ, ನನ್ನ ಅಮ್ಮನ ಅಣ್ಣ ಬೋಜ ಮಾವ. ನನ್ನದು ಗೆಸ್ಟ್ ರೋಲ್. ಸದ್ಯಕ್ಕೆ ಹಾಗೇ ಇಟ್ಕೊಳ್ಳಿ.

ಬೋಜ ಮಾವ ಮುಳ್ಳೇರಿಯ ಟ್ಯಾಕ್ಸಿ ಸ್ಟೇಂಡಿನಲ್ಲಿ ನಲವತ್ತು ವರ್ಷ ನಿಂತವರು. ಎಂಬತ್ತಾರರ ಅಂಬಾಸಿಡರ್, ಪೆಟ್ರೋಲ್. ತೊಂಬತ್ತರ ನಂತರ ನಮ್ಮ ಕಡೆ ಒಂದು ರೋಗ ಬಂತು. ಪೆಟ್ರೋಲ್ ದುಬಾರಿ ಅಂತ ಎಲ್ಲರೂ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ರು. ಸ್ಟೇಂಡಿನ ಹನ್ನೊಂದು ಕಾರಿನಲ್ಲಿ ಹತ್ತಕ್ಕೆ ಹೊಟ್ಟೆ ಆಪರೇಶನ್ ಆಯ್ತು. ಮಾವ ಮಾತ್ರ ಒಪ್ಪಲಿಲ್ಲ. ಬಾಡಿಗೆ ಎಲ್ಲ ಡೀಸೆಲಿನವರ ಪಾಲಾಗುವಾಗಲೂ ಬಾನೆಟ್ ಮೇಲೆ ಕೈಯಿಟ್ಟು ಹೇಳಿದ್ದು ಒಂದೇ ಮಾತು: "ಹುಟ್ಟುವಾಗ ಇದ್ದ ಎದೆಯೇ ಸಾಯುವಾಗಲೂ ಇರ್ಬೇಕು."

"ಆ ಇಂಜಿನಿಗೆ ಇರುವ ಮರ್ಯಾದೆಯಲ್ಲಿ ಕಾಲು ಭಾಗ ನನಗೆ ಇದ್ದಿದ್ರೆ ಸಾಕಿತ್ತು," ಅಂತ ಸುಂದರಿ ಅತ್ತೆ ಈಗಲೂ ಹೇಳ್ತಾರೆ.

ಈಗ ಸ್ಟೇಂಡಿನಲ್ಲಿ ಅಂಬಾಸಿಡರಿಗೆ ಬಾಡಿಗೆಯೂ ಇಲ್ಲ, ಜಾಗವೂ ಇಲ್ಲ. ಹಾಗಿರುವಾಗ ಬಂದ್ಯೋಡಿನ ಹತ್ತಿರ ಒಂದು ಮೈದಾನದಲ್ಲಿ ಹಳೆ ಕಾರುಗಳ ಪ್ರದರ್ಶನ ಅಂತ ಸುದ್ದಿ ಬಂತು. ಒಂದು ಸಾಲು ಪೂರ್ತಿ ಒರಿಜಿನಲ್ ಇಂಜಿನಿನ ಕಾರುಗಳಿಗೆ. ಮಾವನಿಗೆ ಟ್ರೋಫಿಯ ಆಸೆ ಇರಲಿಲ್ಲ. ಆ ಸಾಲಿನಲ್ಲಿ ನಿಲ್ಲಬೇಕು. ಇಷ್ಟು ವರ್ಷ ಹಠ ಹಿಡಿದದ್ದು ಹುಚ್ಚು ಅಲ್ಲ ಅಂತ ನಾಲ್ಕು ಜನ ನೋಡ್ಬೇಕು. ಅಷ್ಟೆ. ಅರ್ಜಿ ಫೋನಿನಲ್ಲೇ ತುಂಬಿಸುವುದು. ಮಾವನ ಪರವಾಗಿ ನಾನು ತುಂಬಿಸಿದೆ.

ಆದಿತ್ಯವಾರ ಬೆಳಿಗ್ಗೆ ಮಾವ ಬಿಳಿ ಶರ್ಟು, ಬಿಳಿ ಮುಂಡು. ಕಾರಿಗೆ ಮಲ್ಲಿಗೆ ಮಾಲೆ. ಎಂಟ್ರಿ ಅಂದ್ರೆ ಎಂಟ್ರಿ ಮಾರಾಯ್ರೇ, ಸ್ಲೋ ಮೋಶನ್ ಬೇರೆ ಬೇಕಾಗಿರಲಿಲ್ಲ, ಕಾರಿನ ಸ್ಪೀಡೇ ಅಷ್ಟು. ಗೇಟಿನಲ್ಲಿ ರಶ್ಮಿತಾ ಅಂತ ಒಬ್ಬಳು ಕಾಲೇಜು ಹುಡುಗಿ ಪಟ್ಟಿ ನೋಡಿ, ಎದುರಿನ ಗಾಜಿಗೆ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿ, ದೂರದ ಗೇರು ಮರದ ಕಡೆ ಕೈ ತೋರಿಸಿದಳು. ಒಳಗಿಂದ ಸ್ಟಿಕ್ಕರಿನ ಬೆನ್ನು ಮಾತ್ರ ಕಾಣ್ತದಲ್ಲ, ಮಾವನಿಗೆ ಏನೂ ಗೊತ್ತಾಗಲಿಲ್ಲ. ನೆರಳಿನ ಜಾಗ ಕೊಟ್ಟರು ಅಂತ ಖುಷಿಯಲ್ಲಿ ಇಳಿದರು.

ಇಳಿದದ್ದೇ ತಡ, ಉದಯಶಂಕರ ಬಂದ. ಅದೇ ಸ್ಟೇಂಡಿನ ಹಳೆ ಡ್ರೈವರ್, ಮಾವನ ಆಜನ್ಮ ಎದುರಾಳಿ. ಅವನ ಅಂಬಾಸಿಡರಿಗೆ ತೊಂಬತ್ತನಾಲ್ಕರಲ್ಲಿ ಡೀಸೆಲ್ ಇಂಜಿನ್ ಹಾಕಿಸಿದ್ದ. ಕಳೆದ ವರ್ಷ ಪೆಟ್ರೋಲ್ ಇಂಜಿನ್ ಎಲ್ಲಿಂದಲೋ ತಂದು ವಾಪಸ್ ಕೂರಿಸಿದ್ದ.

"ಎಂತ ಬೋಜ, ಜಪಾನಿಂದ ಯಾವಾಗ ಬಂತು ನಿನ್ನ ಇಂಜಿನ್? ಹಡಗಿನಲ್ಲಾ, ವಿಮಾನದಲ್ಲಾ?"

"ಬೆಳಿಗ್ಗೆಯೇ ಹಾಕಿದ್ದೀಯಾ ಮಾರಾಯ?"

"ನಾನು ಹಾಕಿದ್ದಲ್ಲ, ಅವರು ಅಂಟಿಸಿದ್ದು. ಎದುರು ಬಂದು ಓದು."

ಮಾವ ಎದುರು ಬಂದು ಓದಿದರು. 'ಇಂಜಿನ್ ಬದಲಿ. 75 ಎಚ್‌ಪಿ.'

ನಾನು ಮಾವನ ಮುಖ ನೋಡಿದೆ. ಕಾರು ಬಿಸಿಯಾದ್ರೆ ರೇಡಿಯೇಟರಿನ ಮುಚ್ಚಳ ಹೇಗೆ ನಡುಗ್ತದೆ, ಹಾಗೆ ಕೆಳತುಟಿ ನಡುಗುತ್ತಿತ್ತು. ಅಡ್ಡಕಸುಬಿ ಅಂತ ಕರೆದಿದ್ರೂ ಅವರು ನಗ್ತಿದ್ರು. ಈ ಎರಡು ಶಬ್ದ ಮಾತ್ರ ನಲವತ್ತು ವರ್ಷವನ್ನು ಒರೆಸಿ ಹಾಕಿತ್ತು.

"ನಿನ್ನದು ಎಲ್ಲಿ ನಿಂತಿದೆ?" ಅಂತ ಉದಯಶಂಕರನನ್ನು ಕೇಳಿದರು.

"ಒರಿಜಿನಲ್ ಸಾಲಿನಲ್ಲಿ, ಮತ್ತೆ? ನಾನು ಫಾರಮಿನಲ್ಲಿ ಐವತ್ತು ಅಂತ ಬರೆದದ್ದು. ಸತ್ಯಕ್ಕೆ ಸಾವಿಲ್ಲ."

ಅಷ್ಟೇ. ಮಾವ ಮುಂಡು ಎತ್ತಿ ಕಟ್ಟಿ ನೇರ ಮೇಜಿನ ಹತ್ತಿರ ನಡೆದರು. ಅಲ್ಲಿ ಇದ್ದದ್ದು ಶರತ್ಚಂದ್ರ, ಪ್ರದರ್ಶನದ ಮುಖ್ಯಸ್ಥ, ಟೋಪಿ ಹಾಕಿದ ಶಾಂತ ಮನುಷ್ಯ.

"ಎರಡು ಸಲ ಎದೆ ಬದಲಾಯಿಸಿದವ ಒರಿಜಿನಲ್! ಒಂದು ಸಲವೂ ಮುಟ್ಟದವ ಬದಲಿ! ಇದು ಯಾವ ಊರಿನ ನ್ಯಾಯ ಸ್ವಾಮಿ?"

"ಬೋಜಣ್ಣ, ಕೂತ್ಕೊಳ್ಳಿ. ಪಟ್ಟಿಯಲ್ಲಿ ನಿಮ್ಮ ಕಾರಿಗೆ ಎಪ್ಪತ್ತೈದು ಅಂತ ಉಂಟು. ನಿಮ್ಮ ಮಾಡೆಲಿಗೆ ಎಪ್ಪತ್ತೈದು ಬರ್ಲಿಕ್ಕೆ ಸಾಧ್ಯವೇ ಇಲ್ಲ. ಅದು ಆಮೇಲೆ ಬಂದ ಒಂದು ಪಾಯಿಂಟ್ ಎಂಟು ಇಂಜಿನಿನ ಲೆಕ್ಕ. ಹಾಗಾದ್ರೆ ಬದಲಾಯಿಸಿದ್ದು ಅಂತಲೇ ಅಲ್ವಾ?"

"ನನ್ನದು ಐವತ್ತೈದು! ಕಾರಿನೊಟ್ಟಿಗೆ ಬಂದ ಪುಸ್ತಕದಲ್ಲಿ ಉಂಟು!"

"ಐವತ್ತು," ಅಂದ ಹಿಂದಿನಿಂದ ಉದಯಶಂಕರ. "ನನ್ನ ಪುಸ್ತಕದಲ್ಲಿ ಐವತ್ತು. ಬೋಜ ಯಾವಾಗಲೂ ಐದು ಜಾಸ್ತಿಯೇ ಹೇಳೂದು."

ಶರತ್ಚಂದ್ರ ನಕ್ಕ. "ಇಬ್ಬರದ್ದೂ ಸರಿಯೇ ಇರಬಹುದು. ಇಂಜಿನ್ ಒಂದೇ ಆದ್ರೂ ಅಳತೆ ಎರಡು ರೀತಿ. ಮೊದಲೆಲ್ಲ ಸೈಲೆನ್ಸರ್, ಫ್ಯಾನ್, ಡೈನಮೊ ಬಿಚ್ಚಿಟ್ಟು ಬರೀ ಇಂಜಿನ್ ಅಳೆಯುವುದಿತ್ತು. ಆಮೇಲೆ ಎಲ್ಲ ಇಟ್ಟುಕೊಂಡೇ ಅಳೆದ್ರು. ಸಂಖ್ಯೆ ಇಳೀತದೆ."

"ಸೈಲೆನ್ಸರ್ ಬಿಚ್ಚಿ ನಾನು ಮಧೂರು ದೇವಸ್ಥಾನಕ್ಕೆ ಹೋಗ್ತೇನಾ? ಆಯ್ತು, ಐವತ್ತೇ ಇರ್ಲಿ! ನಲವತ್ತು ಬರೀರಿ! ನನ್ನ ಇಂಜಿನ್ ನನ್ನದು ಅಂತ ಬರೀರಿ, ಸಾಕು!" ಮಾವ ಸ್ಟೇಂಡಿನಲ್ಲಿ ಮೂವತ್ತು ವರ್ಷ ಬಿಟ್ಟುಕೊಡದ ಐದು ಕುದುರೆಯನ್ನು ಅಲ್ಲೇ ಬಿಟ್ಟುಕೊಟ್ಟರು. ಉದಯಶಂಕರನ ನಗುವೂ ನಿಂತಿತು.

ಶರತ್ಚಂದ್ರ ಎದ್ದು ಬಂದ. ಬಾನೆಟ್ ತೆರೆಸಿದ. ಇಂಜಿನ್ ನಂಬರಿಗೆ ಟಾರ್ಚ್ ಬಿಟ್ಟು, ಆರ್‌ಸಿ ಪುಸ್ತಕ ಹಿಡಿದು, ಅಂಕಿ ಅಂಕಿ ನೋಡಿದ. ಎಲ್ಲ ಸರಿ. ಹುಟ್ಟು ಇಂಜಿನ್.

"ನಿಮ್ಮದು ಒರಿಜಿನಲ್ಲೇ. ಸಾಲು ಬದಲಾಯಿಸ್ತೇನೆ. ಆದ್ರೆ ಕಮಿಟಿಗೆ ತೋರಿಸ್ಲಿಕ್ಕೆ, ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದೆ ಅಂತ ಒಂದು ಸೈನ್ ಬೇಕು. ನೀವಾದ್ರೂ ಹಾಕಿ, ಅರ್ಜಿ ತುಂಬಿಸಿದವರಾದ್ರೂ ಹಾಕ್ಲಿ."

"ತುಂಬಿಸಿದ್ದು ನನ್ನ ಅಳಿಯ," ಅಂದರು ಮಾವ, ನನ್ನ ಹೆಗಲ ಮೇಲೆ ಕೈಯಿಟ್ಟು. "ಇವನಿಗೆ ಈ ಲೆಕ್ಕ ಎಲ್ಲ ಬಾಯಿಪಾಠ. ಇವ ತಪ್ಪು ಬರೆಯುವವ ಅಲ್ಲ. ಅಲ್ವನಾ ಯತಿನ್?"

"ಟೈಪಿಂಗ್ ಮಿಸ್ಟೇಕ್ ಇರ್ಬೇಕು ಮಾವ," ಅಂದೆ ನಾನು.

ಪಟ್ಟಿ ಹಿಡಿದು ಹತ್ತಿರ ಬಂದಿದ್ದ ರಶ್ಮಿತಾಳ ಕಡೆ ಮಾವ ತಿರುಗಿದರು. "ನಿನಗೆ ಅಂಕಿ ನೋಡಿ ಬರೀಲಿಕ್ಕೆ ಬರೂದಿಲ್ವಾ? ಒಂದು ಕೀ ಆಚೆಗೆ ಒತ್ತಿದ್ರೆ ಒಬ್ಬನ ಮಾನ ಹೋಗ್ತದೆ ಅಂತ ಗೊತ್ತುಂಟಾ ನಿನಗೆ?"

"ಬಂದದ್ದನ್ನೇ ಕಾಪಿ ಮಾಡಿದ್ದು ಅಂಕಲ್..." ಅವಳು ನನ್ನ ಕಡೆ ನೋಡಿದಳು. ನಾನು ಗೇರು ಮರದ ಕಡೆ ನೋಡಿದೆ.

"ನಾನು ಸೈನ್ ಹಾಕೂದಿಲ್ಲ," ಅಂದರು ಮಾವ. "ಸುಳ್ಳು ಹೇಳಿದೆ ಅಂತ ಬರೆದುಕೊಟ್ಟು ಸತ್ಯದ ಸಾಲಿನಲ್ಲಿ ನಿಲ್ಲೂದಾ? ಬೇಡ. ನಡಿಯೋ ಯತಿನ್."

ಶರತ್ಚಂದ್ರ ಸ್ಟಿಕ್ಕರ್ ಕೀಳಲು ಕೈ ಹಾಕಿದ. ಮಾವ ಬಿಡಲಿಲ್ಲ. "ಯಾರ ತಪ್ಪಿನಿಂದ ಅಂಟಿದ್ದೋ ಅವರೇ ತಪ್ಪು ಅಂತ ಹೇಳಿ ತೆಗೀಲಿ. ಅಲ್ಲಿವರೆಗೆ ಇರ್ಲಿ."

ಮಾವ ಮುಳ್ಳೇರಿಯದ ಕಡೆ ಕಾರು ತಿರುಗಿಸಿದರು. ಏರಿನಲ್ಲಿ ಗೇರ್ ಬದಲಾಯಿಸುವಾಗ, "ಕೇಳಿದ್ಯಾ ಸ್ವರ? ಇದು ಬದಲಿ ಇಂಜಿನಾ?" ಅಂದರು. ನಾನು ಕಿಟಕಿಯ ಗಾಜು ಇಳಿಸಿದೆ. ಎಲ್ಲ ಸೀನಿಗೂ ಡೈಲಾಗ್ ಇರುವ ನಾನು.

ಸ್ಟಿಕ್ಕರ್ ಈಗಲೂ ಗಾಜಿನ ಮೇಲೆ ಉಂಟು. ಬಿಸಿಲಿಗೆ ಕೆಂಪು ಹೋಗಿ ಗುಲಾಬಿ ಆಗಿದೆ. ಸ್ಟೇಂಡಿನಲ್ಲಿ ಯಾರಾದ್ರೂ ಕೇಳಿದ್ರೆ ಮಾವ ಆ ಕಾಲೇಜು ಹುಡುಗಿಗೆ ಬೈತಾರೆ. ಪ್ರತಿ ಸಲ ಬೈಗುಳ ಸ್ವಲ್ಪ ಉದ್ದ ಆಗ್ತದೆ. ಪ್ರತಿ ಸಲ ನಾನು ಅಲ್ಲಿಂದ ಚಾ ತರ್ಲಿಕ್ಕೆ ಅಂತ ಎದ್ದು ಹೋಗ್ತೇನೆ.

ಗೆಸ್ಟ್ ರೋಲ್ ಅಂದೆನಲ್ಲ, ಸುಳ್ಳು. ಆ ಎಪ್ಪತ್ತೈದು ಒತ್ತಿದ್ದು ಈ ಬೆರಳು. ಕೀ ಜಾರಿದ್ದಲ್ಲ. ಮೊದಲು ಐವತ್ತೈದು ಅಂತಲೇ ಒತ್ತಿದ್ದೆ. ಆಮೇಲೆ ಗೇಟಿನಲ್ಲಿ ಎಲ್ಲರ ಎದುರು ಓದುವಾಗ ಸ್ವಲ್ಪ ಗತ್ತು ಇರ್ಲಿ, ಉದಯಶಂಕರನ ಹೊಟ್ಟೆ ಉರೀಲಿ ಅಂತ ಅಳಿಸಿ ಎಪ್ಪತ್ತೈದು ಮಾಡಿದೆ. ಅಂಕಿ ನೋಡಿಯೇ ಸಾಲು ಕೊಡ್ತಾರೆ ಅಂತ ಆಗ ತಲೆಗೆ ಹೋಗಲಿಲ್ಲ. ಮಾವನ ಐವತ್ತೈದು ನನಗೆ ಕಡಿಮೆ ಅಂತ ಕಂಡಿತ್ತು. ಶರತ್ಚಂದ್ರ ಸೈನ್ ಕೇಳುವಾಗ ಪೆನ್ನು ನನ್ನ ಕಿಸೆಯಲ್ಲೇ ಇತ್ತು.