ಹೋಬರ್ಟನ ಪುಟ್ಟ ಗಿಟಾರು

ತನಗೆ ಬೇಕಾದ ವಸ್ತುವನ್ನು ವರ್ಲಿನ್ ಹೊಗಳಿದ್ದನ್ನು ಕಂಡವರಿಲ್ಲ. ವರ್ಜೀನಿಯಾದ ಆ ಬೆಟ್ಟಗಳಲ್ಲಿ ಯಾರೂ ಹೊಗಳುವುದಿಲ್ಲ. ಕುದುರೆ ಬೇಕಾದರೆ ಅದರ ಹಲ್ಲು ನೋಡಿ ಮೂಗು ಮುರಿಯಬೇಕು. ಕೋವಿ ಬೇಕಾದರೆ ನಳಿಗೆಯೊಳಗೆ ಇಣುಕಿ ‘ಅಯ್ಯೋ ಪಾಪ’ ಅನ್ನಬೇಕು. ಕೊಡುವವನಿಗೂ ಈ ಆಟ ಗೊತ್ತಿರುತ್ತದೆ. ಇಬ್ಬರೂ ಬೇಲಿಗೊರಗಿ ತಂಬಾಕು ಜಗಿಯುತ್ತಾ ಸಾಕಾಗುವಷ್ಟು ಸುಳ್ಳು ಹೇಳಿ, ಕೊನೆಗೆ ಕೈ ಕುಲುಕಿ ಮನೆಗೆ ಹೋಗುತ್ತಾರೆ. ಆದರೆ ಆಟ ಗೊತ್ತಿಲ್ಲದವರ ಮುಂದೆ ಅದನ್ನು ಆಡಬಾರದು ಅನ್ನುವಷ್ಟು ಬುದ್ಧಿ, ಅರವತ್ತು ದಾಟಿದ ಮನುಷ್ಯನಿಗೆ ಇರಬೇಕಿತ್ತು.

ಈಗ ಅವನಿಗೆ ಬೇಕಾಗಿದ್ದದ್ದು ಸತ್ತ ತಮ್ಮ ಹೋಬರ್ಟನ ಪುಟ್ಟ ಗಿಟಾರು. ಅದು ಮೊದಲು ಅವರ ಅಮ್ಮನದು. ಗಿಟಾರಿನದು ಸಣ್ಣ ಸೊಂಟ, ಇಳಿಬಿದ್ದ ಭುಜ, ಮಡಿಲಲ್ಲಿ ಮಗುವಿನಂತೆ ಕೂರುವ ಮೈ. ಇಲಿ ಸೇರದಿರಲಿ, ತೇವ ಹಿಡಿದು ನಾದ ಕೆಡದಿರಲಿ ಅಂತ ಆ ಕಡೆಯವರೆಲ್ಲ ಮಾಡುವ ಹಾಗೆ ಅಮ್ಮ ಅದರ ಹೊಟ್ಟೆಯೊಳಗೆ ಬುಡುಬುಡಿಕೆ ಹಾವಿನ ಬಾಲದ ಗಿಲಕಿ ಹಾಕಿದ್ದಳು. ಸಾಯುವ ಮುಂಚೆ ಗಿಟಾರನ್ನು ಕಿರಿಯವನ ಕೈಗೆ ಕೊಟ್ಟಳು. ಹಿರಿಯವನು ಅದನ್ನು ಮರೆಯಲಿಲ್ಲ. ಎಲ್ಲಿಂದಲೋ ಪೀಪಾಯಿಯಂಥ ದೊಡ್ಡ ಗಿಟಾರು ತಂದು, ನಾಲ್ಕು ಜನ ಸೇರಿದಲ್ಲೆಲ್ಲ ತಮ್ಮನ ಪಕ್ಕದಲ್ಲೇ ಕೂತು ಧಡಧಡ ಬಾರಿಸುತ್ತಿದ್ದ.

“ಏನೋ ತಮ್ಮಾ, ನುಡಿಸ್ತಾ ಇದ್ದೀಯೋ, ಹೊಟ್ಟೆ ತುರಿಸ್ಕೋತಾ ಇದ್ದೀಯೋ? ಏನೂ ಕೇಳಿಸ್ತಿಲ್ವಲ್ಲೋ!”

ಜನ ನಗುತ್ತಿದ್ದರು. ಹೋಬರ್ಟನೂ ನಗುತ್ತಿದ್ದ. ಮನೆಗೆ ಹೋಗಿ ಅಡುಗೆಮನೆಯಲ್ಲಿ ಹೆಂಡತಿ ಓರ್ಲೀನಾಳಿಗೆ ಮಾತ್ರ ಕೇಳುವಂತೆ ನುಡಿಸಿಕೊಳ್ಳುತ್ತಿದ್ದ. ಹೀಗೇ ಒಂದು ಆಯುಸ್ಸು ಕಳೆಯಿತು. ಹೋದ ವರ್ಷ ಎದೆ ಹಿಡಿದುಕೊಂಡು ಹೊಲದಲ್ಲೇ ಬಿದ್ದು ಹೋದ.

ಅದೇ ವರ್ಷದ ಚಳಿಗಾಲದಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿ ದಿಮ್ಮಿಯೊಂದು ಉರುಳಿ ವರ್ಲಿನನ ಬಲಭುಜಕ್ಕೆ ಬಡಿಯಿತು. ಮೂಳೆ ಕೂಡಿತು, ಕೈ ಮಾತ್ರ ಸೊಂಟಕ್ಕಿಂತ ಮೇಲೆ ಏಳಲೊಲ್ಲದು. ದೊಡ್ಡ ಗಿಟಾರಿನ ಮೈಯನ್ನು ಬಳಸಿ ತಂತಿ ಮುಟ್ಟಬೇಕೆಂದರೆ ತೋಳು ಎತ್ತಬೇಕು. ಎತ್ತಿದರೆ ಕಣ್ಣಲ್ಲಿ ನೀರು. ಇದನ್ನು ಯಾರಿಗೂ ಹೇಳಲಿಲ್ಲ. ಗಿಟಾರನ್ನು ಮಂಚದ ಕೆಳಗೆ ತಳ್ಳಿ, “ತಮ್ಮ ಹೋದ್ಮೇಲೆ ಮನಸ್ಸಿಲ್ಲ ಕಣ್ರಯ್ಯ” ಅಂದುಬಿಟ್ಟ. ಎಂಥಾ ಅಣ್ಣ ಅಂತ ಊರೆಲ್ಲ ಕೊಂಡಾಡಿತು. ಆ ಹೊಗಳಿಕೆಯನ್ನು ಅವನು ನಾಚಿಕೆಯಿಲ್ಲದೆ ಉಂಡ.

ಒಂದು ಸಂಜೆ ಓರ್ಲೀನಾ ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದಾಗ, ಅವಳ ಮನೆಗೆ ಬಂದಿದ್ದ ಅವನು ಒಳಕೋಣೆಯ ಹಾಸಿಗೆಯ ಮೇಲಿದ್ದ ಪುಟ್ಟ ಗಿಟಾರನ್ನು ಎತ್ತಿಕೊಂಡ. ಕೂತ. ಸೋತ ತೋಳು ತಾನಾಗಿ ಅದರ ಅಂಚಿನ ಮೇಲಿಳಿದು, ಬೆರಳು ತಂತಿಯ ಮೇಲೆ ಬಿತ್ತು. ಎತ್ತುವ ಮಾತೇ ಇಲ್ಲ. ಮೆಲ್ಲಗೆ ಒಂದು ಹಳೆಯ ಮಟ್ಟು ನುಡಿಸಿದ. ತನ್ನ ಪೀಪಾಯಿ ಗಿಟಾರಿನ ನಾದ ಎದುರಿಗೆ ಕೂತವರಿಗೆ ಹೋಗುತ್ತಿತ್ತು. ಇದರದು ಹಿಂದಕ್ಕೆ ತಿರುಗಿ ನುಡಿಸುವವನ ಪಕ್ಕೆಲುಬಿಗೇ ಇಳಿಯಿತು. ಒಂದೊಂದು ತಂತಿಯೂ ಬೇರೆಬೇರೆಯಾಗಿ, ಸ್ಪಷ್ಟವಾಗಿ, ಕಿವಿಯ ಹತ್ತಿರ ಬಂದು ಮಾತಾಡಿದ ಹಾಗಿತ್ತು. ಹೋಬರ್ಟ್ ಯಾಕೆ ನಗುತ್ತಿದ್ದನೆಂದು ಆಗ ಅವನಿಗೆ ಅರ್ಥವಾಯಿತು, ಮೈಯೆಲ್ಲ ಉರಿಯಿತು. ಇದು ಸಿಕ್ಕರೆ ಸಾಯುವವರೆಗೂ ನುಡಿಸಬಹುದು, ಸಿಗದಿದ್ದರೆ ಇನ್ನು ನುಡಿಸುವುದೇ ಇಲ್ಲ.

ಹಾಲಿನ ಬಕೆಟ್ಟು ಹಿಡಿದು ಓರ್ಲೀನಾ ಬಾಗಿಲಲ್ಲಿ ನಿಂತಿದ್ದಳು.

“ಹೆಂಗಿದೆ ಭಾವ?” ಅಂದಳು ಆಸೆಯಿಂದ.

ಕೊಡಮ್ಮ ಅಂದಿದ್ದರೆ ಕೊಟ್ಟುಬಿಡುತ್ತಿದ್ದಳು. ಆದರೆ ಕೇಳಿದರೆ ಭುಜದ ವಿಷಯ ಹೇಳಬೇಕು. ಜೀವಮಾನವೆಲ್ಲ ತಮ್ಮನನ್ನು ಆಡಿಕೊಂಡದ್ದು ತಪ್ಪು ಅಂತ ಒಪ್ಪಬೇಕು. ಅದರ ಬದಲು ಬೈದು ಬೈದು ಕಸವೆನ್ನಿಸಿ, ಕೊನೆಗೆ ಉಪಕಾರ ಮಾಡುವವನಂತೆ ಎತ್ತಿಕೊಂಡು ಹೋಗುವುದು ಅವನಿಗೆ ಸುಲಭವಾಗಿ ಕಂಡಿತು.

“ಒಳಗೆಲ್ಲ ಮರ ಲಡ್ಡು ಹಿಡಿದಿದೆ. ಕುತ್ತಿಗೆ ಸೊಟ್ಟಗಾಗಿದೆ,” ಅಂದ. “ಅವನು ಹೆಂಗೆ ನುಡಿಸ್ತಿದ್ದನೋ, ದೇವರಿಗೇ ಗೊತ್ತು.”

ಓರ್ಲೀನಾಳ ಮುಖ ಸಣ್ಣಗಾಯಿತು. ಅವಳಿಗೆ ಸಂಗೀತ ಕೇಳಲು ಬರುತ್ತಿತ್ತು, ಗಿಟಾರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಇಡೀ ಕಣಿವೆಯಲ್ಲಿ ಗಿಟಾರು ಬಲ್ಲವನು ಭಾವನೇ ಅಂತ ನಂಬಿದ್ದಳು.

ಆಮೇಲೆ ಹೋದಾಗಲೆಲ್ಲ ಅವನದು ಅದೇ ರಾಗ. ಮಾರ್ಚ್ ತಿಂಗಳಲ್ಲಿ ಒಂದು ದಿನ ಪಕ್ಕದ ತೋಟದ ಎಸ್ಟಿಲ್ ಕೂಡ ಜಗಲಿಯಲ್ಲಿ ಕೂತಿದ್ದ. ಓರ್ಲೀನಾ ಎಲ್ಲರಿಗೂ ಕಾಫಿ ಕೊಟ್ಟು, “ನಮ್ಮ ಮೊಮ್ಮಗಳು ಕಲಿಯೋಕೆ ಕೇಳ್ತಿದಾಳೆ ಭಾವ. ಅವಳಿಗೆ ಕೊಡ್ಲಾ?” ಅಂದಳು.

ವರ್ಲಿನ್ ಲೋಟವನ್ನು ಥಟ್ಟನೆ ಕೆಳಗಿಟ್ಟ. “ಮಗೂನ ಮರ್ಯಾದೆ ಯಾಕಮ್ಮ ತೆಗೀತೀಯ? ಅದರಲ್ಲಿ ಕಲಿತರೆ ಕಿವಿ ಕೆಟ್ಟುಹೋಗುತ್ತೆ. ಹಕ್ಕಿ ಗೂಡು ಕಟ್ಟೋಕೆ ಲಾಯಕ್ಕು ಅದು, ಇನ್ನೇನಕ್ಕೂ ಅಲ್ಲ.”

“ಹಕ್ಕೀನೂ ಬಾಡಿಗೆ ಕಮ್ಮಿ ಮಾಡು ಅನ್ನುತ್ತೇನೋ!” ಅಂತ ಎಸ್ಟಿಲ್ ತೊಡೆ ತಟ್ಟಿಕೊಂಡು ನಕ್ಕ.

ವರ್ಲಿನನೂ ನಕ್ಕ. ಓರ್ಲೀನಾ ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು. ಹಣ್ಣಾಯಿತು, ಇನ್ನು ಕೀಳುವುದೊಂದೇ ಬಾಕಿ ಅಂದುಕೊಂಡ ಅವನು. ಮೇ ತಿಂಗಳಲ್ಲಿ ಸಮಾಧಿಗಳಿಗೆ ಹೂವಿಡುವ ಭಾನುವಾರ, ಊಟ ಮುಗಿದ ಮೇಲೆ, ‘ಮನೆಯಲ್ಲಿ ಕಸ ಯಾಕಮ್ಮ, ನಾನೇ ಸಾಗಿಸ್ತೀನಿ ತಾ’ ಅನ್ನುವುದೆಂದು ನಿಶ್ಚಯಿಸಿದ. ಅಲ್ಲಿಯವರೆಗೆ ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಅವಸರ ತೋರಿಸಿದರೆ ಆಟ ಕೆಡುತ್ತದೆ.

ಆ ಭಾನುವಾರ ಬಂಧುಬಳಗವೆಲ್ಲ ಗುಡ್ಡದ ಮೇಲಿನ ಸಮಾಧಿಗಳ ಹುಲ್ಲು ಕೆತ್ತಿ, ಹೂವಿಟ್ಟು, ಹಾಡಿ, ಊಟಕ್ಕೆ ಓರ್ಲೀನಾಳ ಮನೆಗೆ ಇಳಿದರು. ಹಂದಿಮಾಂಸ, ಹುರುಳಿಕಾಯಿ, ಮೆಕ್ಕೆಜೋಳದ ರೊಟ್ಟಿ. ತಟ್ಟೆ ಹಿಡಿದು ಜಗಲಿ ಹತ್ತಿದ ವರ್ಲಿನ್ ಮೂಲೆಯ ಕಂಬದ ಕಡೆ ನೋಡಿ ಅಲ್ಲೇ ನಿಂತುಬಿಟ್ಟ.

ಕಂಬಕ್ಕೆ ಅಮ್ಮನ ಗಿಟಾರನ್ನು ಮೊಳೆ ಹೊಡೆದು ಕೂರಿಸಲಾಗಿತ್ತು. ಮೊಳೆಗಳು ಎದೆಹಲಗೆಯನ್ನು ಸೀಳಿ ಹಿಂಬದಿಯವರೆಗೂ ಇಳಿದಿದ್ದವು. ಕುತ್ತಿಗೆ ಇರಲಿಲ್ಲ. ಮಳೆಗೆ ಮೈ ಉಬ್ಬಿ ಅಂಟು ಬಿಟ್ಟಿತ್ತು. ನಾದ ಹೊರಡುವ ದುಂಡು ಕಂಡಿಯಿಂದ ಒಣಹುಲ್ಲು ಇಣುಕುತ್ತಿತ್ತು. ಒಂದು ಪುಟ್ಟ ಕಂದು ಹಕ್ಕಿ ಹುಳು ಕಚ್ಚಿಕೊಂಡು ಬಂದು ಒಳಗೆ ನುಗ್ಗಿತು. ಒಳಗಿನಿಂದ ಮರಿಗಳು ಚೀರಿದವು.

“ಚೆನ್ನಾಗಿದೆ ಅಲ್ವಾ ಭಾವ?” ಓರ್ಲೀನಾ ಕೈಯನ್ನು ಏಪ್ರನ್ನಿಗೆ ಒರೆಸುತ್ತಾ ಬಂದಳು. “ಕುತ್ತಿಗೆ ಸೂರಿಗೆ ತಗಲ್ತಿತ್ತು. ಎಸ್ಟಿಲ್ ಗರಗಸ ತಂದು ಕುಯ್ದುಕೊಟ್ಟ. ಒಂದು ವಾರ ಅತ್ಕೊಂಡಿದ್ದೆ ನಾನು. ಆಮೇಲೆ ಅನ್ನಿಸ್ತು, ಭಾವ ಸುಳ್ಳು ಹೇಳ್ತಾರಾ? ಈಗ ನೋಡಿ, ಬೆಳಗಾದರೆ ಹೋಬರ್ಟನ ಗಿಟಾರು ಹಾಡುತ್ತೆ.”

ವರ್ಲಿನ್ ತಟ್ಟೆಯನ್ನು ಜಗಲಿಕಟ್ಟೆಯ ಮೇಲಿಟ್ಟ. “ಒಳ್ಳೇದಾಯ್ತು,” ಅಂದ.

“ನಿಮಗೊಂದು ಮಾತು ಹೇಳಿಲ್ಲ ನಾನು,” ಅಂದಳು ಅವಳು, ಎಲ್ಲರಿಗೂ ಕೇಳುವಂತೆ. “ಅದನ್ನ ಅಣ್ಣನಿಗೆ ಕೊಡು ಅಂತ ಹೋಬರ್ಟ್ ಯಾವಾಗಲೂ ಹೇಳ್ತಿದ್ದ. ಮುದುಕನಾದಮೇಲೆ ಅವನಿಗೆ ಇದೇ ಬೇಕಾಗುತ್ತೆ, ಬೇಕು ಅಂತ ಬಾಯಿಬಿಟ್ಟು ಕೇಳಲ್ಲ, ನೀನೇ ಕೊಡು ಅಂತಿದ್ದ. ಆದರೆ ಕೆಲಸಕ್ಕೆ ಬಾರದ್ದನ್ನ ನಿಮ್ಮಂಥೋರ ಕೈಗೆ ಹೆಂಗಿಡ್ಲಿ ಭಾವ? ನಾಚಿಕೆ ಆಯ್ತು ನಂಗೆ. ಅದಕ್ಕೇ ಅವನ ಬೇಟೆನಾಯಿಗಳೆರಡನ್ನೂ ಕೊಟ್ಟು, ಬದಲಿಗೆ ಇದನ್ನ ತಂದೆ.”

ಎಸ್ಟಿಲ್ ಒಳಗಿನಿಂದ ಹೊತ್ತು ತಂದ. ಹೊಸ ಗಿಟಾರು. ಮಂಚದ ಕೆಳಗಿದ್ದ ಪೀಪಾಯಿಗಿಂತಲೂ ದೊಡ್ಡದು, ಕನ್ನಡಿಯಂತೆ ಹೊಳೆಯುತ್ತಿತ್ತು.

“ದುಃಖ ಸಾಕು ಭಾವ. ಅವನ ಹೆಸರಲ್ಲಿ ನುಡಿಸಿ,” ಅಂದಳು ಓರ್ಲೀನಾ. ಅವಳ ಕಣ್ಣು ತುಂಬಿತ್ತು. “ಹಳೇದರೊಳಗಿದ್ದ ಹಾವಿನ ಗಿಲಕಿ ತೆಗೆದು ಇದಕ್ಕೇ ಹಾಕಿದೀನಿ.”

ಹೆಂಗಸರು ಮೂಗೊರೆಸಿಕೊಂಡರು. ಗಂಡಸರು ಟೋಪಿ ತೆಗೆದರು. ಯಾರೋ ಕುರ್ಚಿ ಎಳೆದು, ವರ್ಲಿನನನ್ನು ಭುಜ ಹಿಡಿದು ಕೂರಿಸಿದರು. ಅದೇ ಭುಜ. ನೋವಿಗೆ ಕಣ್ಣಲ್ಲಿ ನೀರು ಚಿಮ್ಮಿತು. ಅಳುತ್ತಿದ್ದಾನೆ ಪಾಪ ಅಂದುಕೊಂಡಿತು ಜನ.

“ಬಾರಿಸಯ್ಯ, ಜೋರಾಗಿ!” ಅಂದ ಎಸ್ಟಿಲ್. “ಹೋಬರ್ಟನಿಗೆ ಗುಡ್ಡದ ಮೇಲಕ್ಕೆ ಕೇಳಿಸ್ಬೇಕು!”

ಎಡಗೈ ಸರಿಯಾದ ಜಾಗದಲ್ಲೇ ತಂತಿಗಳನ್ನು ಒತ್ತಿ ಹಿಡಿಯಿತು. ಬಲಗೈಯನ್ನು ಎತ್ತಿದ. ಅದು ಹೊಳೆಯುವ ಮರದ ಅಂಚಿನವರೆಗೆ ಏರಿತು, ನಿಂತಿತು, ಜಾರಿತು. ಹಲ್ಲು ಕಚ್ಚಿ ಮತ್ತೆ ಎತ್ತಿದ. ಜನ ಕಾಯುತ್ತಿದ್ದರು. ಕಂಬದ ಮೇಲಿನ ಮರಿಗಳೂ ಆ ಹೊತ್ತಿಗೆ ಸುಮ್ಮನಾಗಿದ್ದವು. ಮೂರನೇ ಸಲ ತೋಳು ಅಂಚಿನಲ್ಲೇ ನಡುಗತೊಡಗಿತು, ಅದರ ಜೊತೆ ಗಿಟಾರೂ ನಡುಗಿತು. ತಂತಿ ಒಂದೂ ನುಡಿಯಲಿಲ್ಲ. ದೊಡ್ಡ ಹೊಟ್ಟೆಯೊಳಗೆ ಅಮ್ಮನ ಗಿಲಕಿ ಮಾತ್ರ ಗಿಲಗಿಲ ಸದ್ದು ಮಾಡುತ್ತಿತ್ತು, ಜಗಲಿಯ ಕೊನೆಯಲ್ಲಿ ನಿಂತವರಿಗೂ ಚೆನ್ನಾಗಿ ಕೇಳಿಸುವಂತೆ.