ಗ್ರೀಸಿಗೆ ನಿಂತ ಸದ್ದು

ನಾನೊಂದು ಪಿಕಪ್ ಗಾಡಿ. ಕಾರ್ಖಾನೆಯಿಂದ ಹೊರಬಿದ್ದ ದಿನ ನನ್ನ ಮೈ ಹಾಲಿನಂತೆ ಬೆಳ್ಳಗಿತ್ತು, ಸ್ಟೀರಿಂಗು ಎರಡು ಬೆರಳಿಗೆ ತಿರುಗುತ್ತಿತ್ತು. ಜಂಬ ಕೊಚ್ಚಿಕೊಳ್ಳುತ್ತಿಲ್ಲ. ನಾನೂ ಒಂದು ಕಾಲದಲ್ಲಿ ನೆಟ್ಟಗಿದ್ದೆ ಎಂದು ಹೇಳುತ್ತಿದ್ದೇನೆ, ಅಷ್ಟೇ.

ನನ್ನನ್ನು ಮೊದಲು ಕೊಂಡವನು ತುಮಕೂರಿನ ಒಬ್ಬ ಸಿಮೆಂಟ್ ವ್ಯಾಪಾರಿ. ಅವನಿಗೆ ಕರುಣೆ ಎಂಬುದೇ ಇರಲಿಲ್ಲ. ನಾನು ಹೊರಬಹುದಾದ ಭಾರದ ಎರಡರಷ್ಟು ಹೇರಿ, ಹಳ್ಳಕೊಳ್ಳ ನೋಡದೆ ಓಡಿಸುತ್ತಿದ್ದ. ಮುಂದಿನ ಚಕ್ರದ ಹಿಂದೆ ಒಂದು ಬಾಲ್ ಜಾಯಿಂಟ್ ಇರುತ್ತದೆ. ನಿಮ್ಮ ಭುಜದ ಕೀಲಿದ್ದ ಹಾಗೆ. ಚಕ್ರ ಎಡಕ್ಕೂ ಬಲಕ್ಕೂ ತಿರುಗುವುದು ಅದರ ಮೇಲೆ. ಅವನ ಕೈಯಲ್ಲೇ ನನ್ನ ಎಡಗಡೆಯ ಜಾಯಿಂಟು ಸವೆಯತೊಡಗಿತು. ದುಡಿಸುವಷ್ಟು ದುಡಿಸಿ ಹುಲಿಯೂರುದುರ್ಗದ ಕಡೆಯ ದೇವೀರಯ್ಯನಿಗೆ ಮಾರಿ ಕೈತೊಳೆದುಕೊಂಡ.

ದೇವೀರಯ್ಯ ಕೆಟ್ಟವನಲ್ಲ. ಅವನೂ ಅವನ ಹೆಂಡತಿ ಸಾಕಮ್ಮನೂ ಹೊಲಗಳಿಗೆ ಹೋಗಿ ಬೂದುಗುಂಬಳ, ಸಿಹಿಗುಂಬಳ ಕೊಂಡು ಪೇಟೆಗೆ ಒಯ್ದು ಮಾರುತ್ತಿದ್ದರು. ಓಡಿಸುವವನು ಅವನು, ಪಕ್ಕದ ಸೀಟು ಅವಳದು. ಎಲೆಯಡಿಕೆ ಹಾಕಿಕೊಂಡು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಅವಳ ಮಾತು ಕೇಳುತ್ತಾ ಓಡುವುದು ನನಗೆ ಇಷ್ಟವಾಗಿತ್ತು.

ಆ ವರ್ಷ ಶ್ರಾವಣ ಶುರುವಾಗುವ ಹೊತ್ತಿಗೆ ನಾನು ಬಾಯಿ ಬಿಟ್ಟೆ. ತಿರುವಿನಲ್ಲಿ ಕಟಕ್ ಕಟಕ್ ಎಂದೆ. ಹಳ್ಳಕ್ಕಿಳಿದರೆ ಎಡಕ್ಕೆ ಎಳೆದೆ. ಸ್ಟೀರಿಂಗನ್ನು ಅಂಗೈಯಗಲ ತಿರುಗಿಸಿದರೂ ಚಕ್ರ ಅಲುಗುತ್ತಿರಲಿಲ್ಲ. ಟೈರಿನ ಅಂಗಡಿಯವನು ಅಲೈನ್‌ಮೆಂಟ್ ಹೋಗಿದೆ ಎಂದ, ಮಾಡಿಸಿದರು. ಸದ್ದು ಹೋಗಲಿಲ್ಲ. ಇನ್ನೊಬ್ಬ ಸ್ಪ್ರಿಂಗ್ ಪಟ್ಟಿಯ ಬುಷ್ ಸವೆದಿದೆ ಎಂದ, ಬದಲಾಯಿಸಿದರು. ಸದ್ದು ಇನ್ನೂ ಜಾಸ್ತಿಯಾಯಿತು. ನೋವಿರುವ ಜಾಗ ಬಿಟ್ಟು ಮೈಯೆಲ್ಲಾ ತಡಕಾಡಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

"ಈ ಸದ್ದು ಒಳ್ಳೇದಲ್ಲ. ಯಾರಾದ್ರೂ ಸರಿಯಾಗಿ ಗೊತ್ತಿರೋರಿಗೆ ತೋರ್ಸಿ" ಎಂದು ಸಾಕಮ್ಮ ದಿನವೂ ಹೇಳುತ್ತಿದ್ದಳು.

ಕೊನೆಗೆ ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ, ಬೂದುಗುಂಬಳ ಹೇರಿಕೊಂಡು ಬರುವಾಗ, ದೇವೀರಯ್ಯ ಒಬ್ಬನೇ ನನ್ನನ್ನು ಊರ ಬಾಗಿಲಿನ ಕಾಳಾಚಾರಿಯ ಗ್ಯಾರೇಜಿಗೆ ತಿರುಗಿಸಿದ. ಕಾಳಾಚಾರಿ ನನ್ನದೇ ಜ್ಯಾಕಿಯಿಂದ ಎಡಚಕ್ರ ಎತ್ತಿಸಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದ. ಚಕ್ರ ಗಡಗಡ ಎಂದಿತು. ಅಬ್ಬಾ, ಅಂತೂ ಒಬ್ಬನಿಗೆ ನನ್ನ ಭಾಷೆ ತಿಳಿಯಿತು ಅಂದುಕೊಂಡೆ.

"ದೇವೀರಣ್ಣ, ಬಾಲ್ ಜಾಯಿಂಟ್ ಹೋಗ್ಬಿಟ್ಟೈತೆ. ಕಳಚ್ಕೊಂಡ್ರೆ ಚಕ್ರ ಮಡಿಚ್ಕೊಂತದೆ."

"ಹೊಸದು ಐತಾ ಆಚಾರ್ರೇ?"

"ಐತೆ. ಆದ್ರೆ ಸಾಮಾನು ಪೂಜೆಗೆ ಇಟ್ಟಾಯ್ತಲ್ಲ."

ಒಳಗೆ ಕಾಳಿಕಾಂಬೆಯ ಪಟದ ಮುಂದೆ ಮಣೆ ಹಾಕಿ ಸ್ಪ್ಯಾನರು, ಸುತ್ತಿಗೆ, ಹಾರೆ ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರು. ಒಮ್ಮೆ ಇಟ್ಟ ಮೇಲೆ ವಿಜಯದಶಮಿಯ ದಿನ ಮಂಗಳಾರತಿ ಮಾಡಿ ಎತ್ತುವವರೆಗೆ ಅವನ ಮನೆತನದಲ್ಲಿ ಯಾರೂ ಮುಟ್ಟುವುದಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ಗ್ರೀಸ್ ಗನ್ ಮಾತ್ರ ಜಿಡ್ಡು ಜಿಡ್ಡಾಗಿ ಹೊರಗೇ ಉಳಿದಿತ್ತು. ಅದನ್ನೇ ತಂದು ಜಾಯಿಂಟಿಗೆ ಒತ್ತಿದ.

"ಮೆಲ್ಲಗೆ ಮನೆಗೋಗಿ ನಿಲ್ಸು. ಪ್ಯಾಟೆ ಕಡೆ ಹೊರಡ್ಬ್ಯಾಡ. ನಾಡಿದ್ದು ಬೆಳಿಗ್ಗೆ ಮೊದಲ್ನೇ ಕೆಲ್ಸ ನಿಂದೇ."

ಗ್ರೀಸು ಸವೆದ ಸಂದಿನಲ್ಲೆಲ್ಲಾ ತುಂಬಿಕೊಂಡಿತು. ನಾನು ಕಿರುಚಬೇಕೆಂದರೂ ಸದ್ದು ಹೊರಡಲಿಲ್ಲ. ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು. ದೇವೀರಯ್ಯ ದಾರಿಯಲ್ಲಿ ಬೇಕೆಂದೇ ಎರಡು ಸಲ ಸ್ಟೀರಿಂಗ್ ತಿರುಗಿಸಿ ನೋಡಿದ. ಸದ್ದಿಲ್ಲದ್ದಕ್ಕೆ ಅವನ ಮುಖ ಅರಳಿತು.

"ಆಚಾರ್ರು ಏನಂದ್ರು?" ಎಂದಳು ಮನೆ ಬಾಗಿಲಲ್ಲಿ ನಿಂತಿದ್ದ ಸಾಕಮ್ಮ.

"ಗ್ರೀಸ್ ಹಾಕವ್ರೆ. ಸರಿಹೋಯ್ತು ಬಿಡು."

ಹಬ್ಬ ಕಳೆದ ಮೇಲೆ ಬೂದುಗುಂಬಳ ಕೇಳುವವರಿಲ್ಲ. ಅದು ನನಗೂ ಗೊತ್ತು. ಆದರೆ ಆಚಾರಿ ಹೇಳಿದ ಇನ್ನೊಂದು ಮಾತನ್ನು ಅವಳಿಗೆ ಹೇಳಿದ್ದರೆ ಅವಳು ಹತ್ತುತ್ತಿರಲಿಲ್ಲ, ಅವನನ್ನೂ ಹತ್ತಲು ಬಿಡುತ್ತಿರಲಿಲ್ಲ.

ಮಾರನೆಯ ದಿನ ಬೆಳಕು ಹರಿಯುತ್ತಲೇ ನನಗೆ ನೀರು ಹಾಕಿದರು, ಸೇವಂತಿಗೆ ಹಾರ ಹಾಕಿದರು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟರು. ಸಾಕಮ್ಮ ಹೊಸ ಸೀರೆ ಉಟ್ಟಿದ್ದಳು. ಪೇಟೆಗೆ ಹೊರಟು ಒಂದು ಮೈಲಿ ಹೋದ ಮೇಲೆ, "ಗಾಡಿ ಎಷ್ಟು ಚೆನ್ನಾಗಿ ಹೋಯ್ತಾ ಐತೆ ನೋಡಿ. ಸದ್ದೇ ಇಲ್ಲ" ಎಂದಳು.

ಕೆರೆ ಏರಿಯ ತಿರುವಿನಲ್ಲಿ ಜಾಯಿಂಟು ಕಳಚಿತು. ಎಡಚಕ್ರ ಒಳಕ್ಕೆ ಮಡಚಿಕೊಂಡಿತು. ದೇವೀರಯ್ಯ ಸ್ಟೀರಿಂಗನ್ನು ಗಿರ್ರನೆ ತಿರುಗಿಸಿದ, ಎಡಚಕ್ರ ಅದರ ಮಾತು ಕೇಳಲಿಲ್ಲ. ಏರಿಯ ಕಲ್ಲಿಗೆ ಬಡಿದು ಎಡಮಗ್ಗುಲಿಗೆ ಉರುಳಿದೆ, ಅವಳಿದ್ದ ಮಗ್ಗುಲಿಗೆ. ಕುಂಬಳಕಾಯಿಗಳು ಉರುಳಿಕೊಂಡು ಹೋಗಿ ನೀರಿಗೆ ಬಿದ್ದವು.

ಜನ ಸೇರಿ ನನ್ನನ್ನು ಎತ್ತಿ ನಿಲ್ಲಿಸಿದರು. ನುಜ್ಜುಗುಜ್ಜಾದ ಬಾಗಿಲು ಸಾಕಮ್ಮನ ಸೊಂಟವನ್ನು ಹಿಡಿದುಬಿಟ್ಟಿತ್ತು. ಯಾರೋ ಬೈಕಿನಲ್ಲಿ ಊರಿಗೆ ಓಡಿದರು. ಕಾಳಾಚಾರಿ ಬಂದ. ಮೈಮೇಲೆ ಪೂಜೆಯ ಮಡಿಪಂಚೆ, ಕೈಯಲ್ಲಿ ಹಾರೆ, ಸ್ಪ್ಯಾನರುಗಳು. ಅವುಗಳ ಮೇಲಿನ ವಿಭೂತಿ ಕುಂಕುಮ ಇನ್ನೂ ಅಳಿಸಿರಲಿಲ್ಲ. ಬಾಗಿಲು ಬಿಚ್ಚಿದ. ಅವಳು ನೀರು ಕೇಳಿದಳು. ಆಸ್ಪತ್ರೆಗೆ ಸೇರುವ ಮೊದಲೇ ತೀರಿಕೊಂಡಳಂತೆ.

ಅವಳ ತವರಿನವರು ಬಂದಾಗ ನಾನು ಅದೇ ಏರಿಯ ಪಕ್ಕದಲ್ಲಿದ್ದೆ. ಪೂಜೆ ಎಂದು ಆಚಾರಿ ರಿಪೇರಿ ಮಾಡದೆ ಕಳಿಸಿದ್ದು ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು. ಅವಳ ಅಣ್ಣ ಕಾಳಾಚಾರಿಯ ತೋಳು ಹಿಡಿದು ಎಳೆದ. "ಪೂಜೆ ದೊಡ್ಡದಾಯ್ತೇನೋ ನಿಂಗೆ, ನನ್ನ ತಂಗಿ ಜೀವ ದೊಡ್ಡದಾ?"

"ಹೊರಡ್ಬ್ಯಾಡ ಅಂತ ಹೇಳಿದ್ದೆ. ಅವ್ನನ್ನೇ ಕೇಳಿ" ಎಂದ ಕಾಳಾಚಾರಿ.

ಎಲ್ಲರೂ ಆಸ್ಪತ್ರೆಯಿಂದ ಜೊತೆಗೆ ಬಂದಿದ್ದ ದೇವೀರಯ್ಯನ ಕಡೆ ತಿರುಗಿದರು. ಅವನು ನೆಲ ನೋಡುತ್ತಾ, "ಗ್ರೀಸ್ ಹಾಕಿ ಕಳಿಸ್ದ" ಎಂದ. ಅಷ್ಟೇ ಅಂದ. ಸುಳ್ಳೇನಲ್ಲ. ಕಾಳಾಚಾರಿ ಸಾಮಾನು ಆರಿಸಿಕೊಂಡು ಹೋದ. ಆಮೇಲೆ ಅವನ ಗ್ಯಾರೇಜಿಗೆ ಯಾರೂ ಗಾಡಿ ಬಿಡುತ್ತಿಲ್ಲ ಎಂದು, ನನ್ನನ್ನು ಎಳೆದು ತಂದ ಲಾರಿಯವರು ಮಾತಾಡಿಕೊಳ್ಳುತ್ತಿದ್ದರು.

ಈಗ ಗುಜರಿ ಅಂಗಡಿಯ ಹಿಂದೆ ಬಿದ್ದಿದ್ದೇನೆ. ಇಂಜಿನ್ನು ಬಿಚ್ಚಿಕೊಂಡು ಹೋದರು, ಉಳಿದದ್ದನ್ನು ಕತ್ತರಿಸಿ ತೂಕಕ್ಕೆ ಹಾಕುತ್ತಾರಂತೆ. ಹಾಕಲಿ. ಎರಡು ತಿಂಗಳು ಬಾಯಿ ಬಡಿದುಕೊಂಡವನು ನಾನು, ಬಾಯಿ ಮುಚ್ಚಿಸಿದ್ದನ್ನು ಗುಣವಾಯಿತೆಂದು ತಿಳಿದರು ಅವರು.

ನಿನ್ನೆ ದೇವೀರಯ್ಯ ಬಂದಿದ್ದ. ಗಡ್ಡ ಬಿಟ್ಟಿದ್ದಾನೆ. ಬಾಗಿಲಿಲ್ಲದ ಕಡೆಯಿಂದ ಹತ್ತಿ ತನ್ನ ಸೀಟಿನಲ್ಲಿ ಕೂತು, ಪಕ್ಕದ ಸೀಟನ್ನು ಕೈಯಿಂದ ಒರೆಸಿದ.

"ಆಚಾರಿ ಹೇಳಿದ್ದ. ಹೊರಡ್ಬ್ಯಾಡ ಅಂದಿದ್ದ. ನಾನು ಅವಳಿಗೆ ಹೇಳ್ಲಿಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತ.

ಈ ಮಾತನ್ನು ಅವನು ಸಾಕಮ್ಮನ ಅಣ್ಣನಿಗೆ ಹೇಳಬೇಕಿತ್ತು, ಊರವರ ಮುಂದೆ ಹೇಳಬೇಕಿತ್ತು. ತೂಕಕ್ಕೆ ಹೋಗುವ ಕಬ್ಬಿಣಕ್ಕೆ ಹೇಳಿ, ಕಣ್ಣೊರೆಸಿಕೊಂಡು ಎದ್ದು ಹೋದ.